ವಿನಿಮಯವೋ, ಚಾಕರಿಯೋ?

ಬೆಂಗಳೂರಿನ ಕೆಲವು ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಭಾಷಾ ಕೂಟಗಳು ನಡೆಯುತ್ತವೆ. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ನಮ್ಮ ಹುಡುಗ ಹುಡುಗಿಯರು ಜರ್ಮನಿ, ಜಪಾನ್, ಅಮೆರಿಕದ ಸಹೋದ್ಯೋಗಿಗಳ ಜೊತೆ ಕುಳಿತು ಅವರ ಭಾಷೆಗೆ ನಾಲಿಗೆಯನ್ನು ಪಳಗಿಸಿಕೊಳ್ಳುತ್ತಾರೆ. ಇದಕ್ಕಿಟ್ಟ ಹೆಸರು 'ಸಾಂಸ್ಕೃತಿಕ ವಿನಿಮಯ'. ವಿನಿಮಯವೆಂದರೆ ಕೊಡು-ಕೊಳ್ಳುವಿಕೆ. ಇಲ್ಲಿ ನಾವು ಕೊಳ್ಳುವುದು ಅವರ ವ್ಯಾಕರಣ, ಅವರ ಉಚ್ಚಾರಣೆ, ಅವರ ಹಾಸ್ಯಕ್ಕೆ ಎಲ್ಲಿ ನಗಬೇಕೆಂಬ ತಿಳಿವಳಿಕೆ. ಕೊಡುವುದೇನು? ರಾಜ್ಯೋತ್ಸವದ ದಿನ ಒಂದು ಮೈಸೂರು ಪೇಟ, ಈದ್ ದಿನ ಒಂದು ತಟ್ಟೆ ಬಿರಿಯಾನಿ. ಪೇಟ ತೊಡಿಸಿ ಫೋಟೋ ತೆಗೆದರೆ ಮುಗಿಯಿತೇ?

ಪರಭಾಷೆ ಕಲಿಯುವುದಕ್ಕೆ ನನ್ನ ವಿರೋಧವಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರಿಗೆ ಇನ್ನೊಂದು ಭಾಷೆಯ ಭಯ ಎಲ್ಲಿಯದು? ಒಂದೇ ಕಡೆಗೆ ಹರಿಯುವ ನೀರನ್ನು ಸಂಗಮ ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು.

ಈ ಏರ್ಪಾಡು ಹೊಸದೂ ಅಲ್ಲ. 1800ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು ಹಿಂದೂಸ್ತಾನಿ ಕಲಿತರು. ಉರ್ದು ಗದ್ಯದ ಹೆಮ್ಮೆಯಾದ 'ಬಾಗ್-ಒ-ಬಹಾರ್' ಬರೆದ ಮೀರ್ ಅಮ್ಮನ್ ಅಲ್ಲೊಬ್ಬ ಮುನ್ಶಿ. ಪ್ರಾಧ್ಯಾಪಕನ ಕುರ್ಚಿಯಲ್ಲಿದ್ದವನು ಗಿಲ್‌ಕ್ರಿಸ್ಟ್. ಭಾಷೆ ಮುನ್ಶಿಯದು, ಕುರ್ಚಿ ಸಾಹೇಬನದು! ಅಂದು ಅವರು ನಮ್ಮ ಭಾಷೆ ಕಲಿತದ್ದು ನಮ್ಮನ್ನು ಆಳಲಿಕ್ಕೆ. ಇಂದು ನಾವು ಅವರ ಭಾಷೆ ಕಲಿಯುವುದು ಅವರ ಕೆಲಸ ಮಾಡಿಕೊಡಲಿಕ್ಕೆ. ಕಲಿಯುವವರು ಬದಲಾದರು, ಕುರ್ಚಿ ಬದಲಾಗಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಇದೇ ಬೆಂಗಳೂರಿನ ಕಾಲ್‌ಸೆಂಟರುಗಳ ಮಕ್ಕಳು ಉಚ್ಚಾರಣೆಯ ಜೊತೆಗೆ ಅಪ್ಪ ಅಮ್ಮ ಇಟ್ಟ ಹೆಸರನ್ನೂ ಬದಲಿಸಿಕೊಂಡು ರಾತ್ರಿಯಿಡೀ ಅಮೆರಿಕಕ್ಕೆ ಉತ್ತರ ಹೇಳಿದ್ದನ್ನು ನಾವು ಕಂಡಿಲ್ಲವೇ?

ಸರಿಸಮಾನರು ಹೇಗೆ ಕಲಿಯುತ್ತಾರೆ, ನೋಡಿ. ಎರಡು ಮಹಾಯುದ್ಧಗಳಲ್ಲಿ ಹೊಡೆದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡು, ತಮ್ಮ ಯುವಜನರಿಗಾಗಿ ಜಂಟಿ ಸಂಸ್ಥೆಯೊಂದನ್ನು ಕಟ್ಟಿದವು. ಆ ಯುವಜನರ ಭೇಟಿಗಳಲ್ಲಿ ಬೆಳೆದ ಕಲಿಕೆಯ ಕ್ರಮಕ್ಕೆ 'ಟ್ಯಾಂಡೆಮ್' ಎಂದು ಹೆಸರು. ಇಬ್ಬರು ಕೂಡಿ ತುಳಿಯುವ ಸೈಕಲ್ಲಿನ ಹೆಸರದು. ನಿಯಮ ಸರಳ: ಅರ್ಧ ಸಮಯ ನಿನ್ನ ಭಾಷೆ, ಅರ್ಧ ಸಮಯ ನನ್ನದು. ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು; ಇಬ್ಬರೂ ತಡವರಿಸಬೇಕು. ತಡವರಿಸುವವನಿಗೆ ಜಂಬ ಉಳಿಯುವುದಿಲ್ಲ. ವಿನಿಮಯ ಶುರುವಾಗುವುದು ಅಲ್ಲಿಂದ.

ಹಾಗೆಂದು ತಪ್ಪನ್ನೆಲ್ಲ ವಿದೇಶಿಯರ ತಲೆಗೆ ಕಟ್ಟುವುದು ಅನ್ಯಾಯ. ಆತ ಕಷ್ಟಪಟ್ಟು 'ನೀರು ಕೊಡಿ' ಎನ್ನುವಷ್ಟರಲ್ಲಿ ನಾವು ಇಂಗ್ಲಿಷಿಗೆ ಹಾರಿರುತ್ತೇವೆ. ಇನ್ನು, ಕನ್ನಡ ಕಲಿಸುವವರು ಯಾರು ಎಂಬ ಮಾತು ಬಂದಾಗ ಮುಸ್ಲಿಂ ಹುಡುಗಿಯ ಕಡೆ ಯಾರ ಕಣ್ಣೂ ಹೊರಳುವುದಿಲ್ಲ. "ನಿಮಗೆ ಕನ್ನಡ ಬರುತ್ತಾ?" ಕೆ.ಎಸ್. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್ ಬರೆದ ನಾಡಿನಲ್ಲಿ ಈ ಪ್ರಶ್ನೆಯನ್ನು ಇನ್ನೆಷ್ಟು ಕಾಲ ಕೇಳಿಸಿಕೊಳ್ಳಬೇಕು? ಅತಿಥಿಯ ಮುಂದೆ ಆಕೆ ಬಿರಿಯಾನಿಯ ಪ್ರತಿನಿಧಿಯಾಗಬಹುದು, ಕನ್ನಡದ ಪ್ರತಿನಿಧಿಯಾಗಬಾರದು! ಮನೆಯವರನ್ನೇ ಹೊಸ್ತಿಲಾಚೆ ನಿಲ್ಲಿಸಿದವರು ಹೊರಗಿನವರಿಗೆ ಯಾವ ಮನೆ ತೋರಿಸುತ್ತಾರೆ? ಅತ್ತ ನಮ್ಮವರೂ ಕಡಿಮೆಯಿಲ್ಲ. ಮನೆಯ ದಖನಿಯನ್ನು 'ಕೆಟ್ಟ ಉರ್ದು' ಎಂದು ಬಚ್ಚಿಡುವವರು ತಮ್ಮಲ್ಲಿ ಕೊಡಲು ಏನೂ ಇಲ್ಲವೆಂದು ತಾವೇ ಸಾರಿಕೊಂಡಂತೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಸ್ತಿ ಅದರೊಳಗಿನ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಇಂಗ್ಲಿಷ್ ಓದುಗರೂ ನಮ್ಮ ಕಡೆಗೆ ಎರಡು ಹೆಜ್ಜೆ ನಡೆದು ಬರಬೇಕಾಯಿತು, ಬಂದರು. ಲಂಡನ್ನಿನಲ್ಲಿ ತಲೆಯೆತ್ತಿ ನಿಂತ ಮಾತು ಬೆಂಗಳೂರಿನ ಕಚೇರಿಯಲ್ಲಿ ಏಕೆ ತಲೆ ತಗ್ಗಿಸಬೇಕು?

ಆದ್ದರಿಂದ ಒಂದು ಗಂಟೆಯ ಕೂಟದಲ್ಲಿ ಅರ್ಧ ಗಂಟೆ ಕನ್ನಡಕ್ಕೆ ಸಿಗಲಿ. ಪಠ್ಯಪುಸ್ತಕದ ಕನ್ನಡವಲ್ಲ, ಗೇಟಿನಲ್ಲಿ ನಿಂತ ಕಾವಲುಗಾರನ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಹೆಂಗಸಿನ ಕನ್ನಡ. ಅದರ ಜೊತೆಗೆ ತುಳು, ಬ್ಯಾರಿ, ಕೊಂಕಣಿ, ದಖನಿಗಳೂ ಬರಲಿ. ಇದನ್ನು ಒಪ್ಪದವರು ಕೂಟ ನಡೆಸಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಅದನ್ನು ತರಬೇತಿ ಎಂದೇ ಕರೆಯಲಿ. ಸಂಸ್ಕೃತಿಯ ಹೆಸರನ್ನು ನಡುವೆ ಎಳೆಯದಿರಲಿ.