ಗಲ್ಲಾ ನುಡಿಗೆ ನೆಲ ಬೇಕು

ಅಮೆರಿಕದ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಗೆ ಅಂಟಿಕೊಂಡು ಪುಟ್ಟ ದ್ವೀಪಗಳ ಸಾಲೊಂದಿದೆ. ಅಲ್ಲಿನ ಕಪ್ಪು ಜನರ ಆಡುಮಾತು ಗಲ್ಲಾ. ಜಾರ್ಜಿಯಾದವರು ಅದನ್ನು ಗೀಚಿ ಎನ್ನುತ್ತಾರೆ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದು ಭತ್ತದ ಗದ್ದೆಗಳಲ್ಲಿ ದುಡಿಸಿದ ಗುಲಾಮರ ನಡುವೆ ಬೆಳೆದ ನುಡಿ ಅದು. ಮಲೇರಿಯಾಕ್ಕೆ ಹೆದರಿ ಬಿಳಿಯ ಧಣಿಗಳು ಬೇಸಿಗೆಯಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಗದ್ದೆಯಲ್ಲೇ ಉಳಿದವರ ನಡುವೆ ಮಾತು ಗಟ್ಟಿಯಾಯಿತು.

1922ರಲ್ಲಿ ಆಂಬ್ರೋಸ್ ಗೊಂಜಾಲೆಸ್ ಎಂಬ ಪತ್ರಕರ್ತ ಈ ನುಡಿಯನ್ನು ಸೋಮಾರಿಗಳು ಕೆಡಿಸಿದ ಇಂಗ್ಲಿಷ್ ಎಂಬಂತೆ ಬರೆದ. ಇದು ಶುದ್ಧ ಅಹಂಕಾರ. ಗಲ್ಲಾದಲ್ಲಿ ಕ್ರಿಯಾಪದದ ರೂಪ ಬದಲಾಗದೆ, ಕಳೆದ ಕಾಲಕ್ಕೆ ಅದರ ಮುಂದೆ 'ಬಿನ್' ಬರುತ್ತದೆ. ಸಿಯೆರಾ ಲಿಯೋನ್‌ನ ಕ್ರಿಯೊ, ಜಮೈಕಾದ ಪಾಟ್ವಾಗಳಲ್ಲೂ ಇದೇ ಬಗೆ. ಬಾಯಿಗೆ ಬಂದಂತೆ ಆಡುವವರ ಮಾತಿನಲ್ಲಿ ಇಂಥ ಕಟ್ಟುಪಾಡು ಇರುತ್ತದೆಯೇ?

ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ವಿದ್ವಾಂಸರು ಹಠ ಹಿಡಿದು ದ್ವೀಪಗಳಲ್ಲಿ ಅಲೆದು ಜನರ ದನಿಯನ್ನು ಮುದ್ರಿಸಿಕೊಂಡರು, ಆಫ್ರಿಕಾದ ಭಾಷೆಗಳನ್ನೂ ಕಲಿತರು. 1930ರ ದಶಕದ ಆರಂಭದಲ್ಲಿ ಜಾರ್ಜಿಯಾದ ಹ್ಯಾರಿಸ್ ನೆಕ್‌ನಲ್ಲಿ ಅಮೀಲಿಯಾ ಡಾಲಿ ಎಂಬಾಕೆ ಅವರಿಗೆ ಒಂದು ಹಾಡು ಹೇಳಿದರು. ಆಕೆಗೆ ಅದರ ಅರ್ಥ ಗೊತ್ತಿರಲಿಲ್ಲ. ಮನೆಯ ಹಿರಿಯರಿಂದ ಬಂದದ್ದು, ಅಷ್ಟೇ. ಅದು ಮೆಂಡೆ ಭಾಷೆಯದೆಂದು ಗುರುತಿಸಿದ್ದು ಸಿಯೆರಾ ಲಿಯೋನ್‌ನ ಒಬ್ಬ ವಿದ್ಯಾರ್ಥಿ. ದಶಕಗಳ ನಂತರ ಸಂಶೋಧಕರು ಆ ದೇಶದ ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಅದೇ ಹಾಡಿನ ಇನ್ನೊಂದು ಪಾಠ ಬಲ್ಲ ಹೆಂಗಸನ್ನು ಕಂಡರು. ಅಲ್ಲಿ ಅದು ಸಾವಿನ ಕಾರ್ಯದ ಹಾಡು. 1997ರಲ್ಲಿ ಅಮೀಲಿಯಾರ ಮಗಳು ಮೇರಿ ಮೊರಾನ್ ಆ ಹಳ್ಳಿಗೇ ಹೋಗಿ ಬಂದರು. ಸಂಕೋಲೆಯಲ್ಲಿ ಬಂದ ಹೆಣ್ಣುಮಕ್ಕಳು ಆ ಸಾಲುಗಳನ್ನು ತಲೆಮಾರುಗಳುದ್ದಕ್ಕೂ ಕಾಪಾಡಿದ್ದಾರೆ ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

1949ರಲ್ಲಿ ಗಲ್ಲಾದ ಆಫ್ರಿಕನ್ ಬೇರುಗಳನ್ನು ತೋರಿಸುವ ಟರ್ನರ್ ಅವರ ಪುಸ್ತಕ ಬಂದಮೇಲೆ ಹೀಗಳೆಯುವ ವಿದ್ವಾಂಸರ ಬಾಯಿ ಕಟ್ಟಿತು, ಗೇಲಿ ಮಾಡುವ ಶಾಲೆಯ ಮಕ್ಕಳ ಬಾಯಿ ಕಟ್ಟಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೂಡ ಗೀಚಿ ಆಡುತ್ತ ಬೆಳೆದವರು. ಸಹಪಾಠಿಗಳ ಗೇಲಿಯಿಂದಾಗಿ ಸುಮ್ಮನೆ ಕೇಳುವುದೇ ಅಭ್ಯಾಸವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಈಗಿನ ಪೆಟ್ಟು ಇನ್ನೂ ಬಲವಾದದ್ದು: ನುಡಿಗೆ ಆಸರೆಯಾದ ನೆಲವೇ ಕೈಜಾರುತ್ತಿದೆ. 1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಬಂತು. ಹಿಂದೆಯೇ ರೆಸಾರ್ಟು, ಗಾಲ್ಫ್ ಮೈದಾನಗಳೂ ಬಂದವು. ಉಯಿಲಿಲ್ಲದೆ ಇಡೀ ಕುಟುಂಬದ ಹೆಸರಲ್ಲಿ ಉಳಿದ ಜಮೀನಿನಲ್ಲಿ ಒಬ್ಬ ಪಾಲುದಾರ ತನ್ನ ಪಾಲು ಮಾರಿದರೆ ಸಾಕು, ಕೊಂಡವನು ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತರಿಸಬಹುದಿತ್ತು. ಹೀಗೆ ಕೈಬಿಟ್ಟುಹೋದ ನೆಲ ಎಷ್ಟೋ. ಈ ನಡುವೆ ನುಡಿಗೆ ಮನ್ನಣೆಯೂ ಸಿಕ್ಕಿತು: 2005ರಲ್ಲಿ ಗಲ್ಲಾದಲ್ಲಿ ಬೈಬಲ್‌ನ ಹೊಸ ಒಡಂಬಡಿಕೆ ಅಚ್ಚಾಯಿತು, 2006ರಲ್ಲಿ ಅಮೆರಿಕದ ಸಂಸತ್ತು ಆ ಕರಾವಳಿಯನ್ನು ಪರಂಪರೆಯ ವಲಯವೆಂದು ಸಾರಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ ಗಲ್ಲಾ ಆಡುವ ಕುಟುಂಬಗಳು ಆ ದ್ವೀಪಗಳಲ್ಲೇ ಬಾಳಬೇಕಾದರೆ, ಮೊದಲು ಅವರ ಜಮೀನಿಗೆ ಕಾನೂನಿನ ಗಟ್ಟಿ ರಕ್ಷಣೆ ಸಿಗಬೇಕು.