ಈ ವರ್ಷದ ಚಂದಾ ಈಗಲೇ ಕಟ್ಟಿ

ಧಾರವಾಡ, ಬೆಳಗಾವಿ, ಬಾಗಲಕೋಟೆ ಸೀಮೆಯ ಓದುಗ ಬಂಧುಗಳೇ,

ಸುಗ್ಗಿ ಮುಗಿದ ಮೇಲೆ ನಿಮ್ಮೂರ ಜಾತ್ರೆಯಲ್ಲಿ ಪಾರಿಜಾತವೋ ಸಣ್ಣಾಟವೋ ಬೆಳತನಕ ನಡೆಯುತ್ತದೆ. ಭಾಗವತರು ಯಾರಿದ್ದರು, ಸತ್ಯಭಾಮೆಯಾಗಿ ನಿಂತವರು ಯಾರು, ಯಾವ ಪದವನ್ನು ಜನ ಪಟ್ಟು ಹಿಡಿದು ಎರಡನೇ ಸಲ ಹಾಡಿಸಿದರು ಎಂಬುದು ಮರುದಿನದ ದಿನಪತ್ರಿಕೆಯಲ್ಲಿ ಬರುವುದು ಅಪರೂಪ. ಸುದ್ದಿ ಬಂದರೂ ದೀಪ ಹಚ್ಚಿದವರ ಹೆಸರು, ವೇದಿಕೆಯ ಮೇಲೆ ಕುಳಿತವರ ಹೆಸರು ಇರುತ್ತದೆ. ರಾತ್ರಿಯಿಡೀ ಕುಣಿದವರದು ಇರುವುದಿಲ್ಲ. ಕೌಜಲಗಿ ನಿಂಗಮ್ಮನವರು ಪಾರಿಜಾತಕ್ಕೆ ತಂದುಕೊಟ್ಟ ಕಳೆಯ ಬಗ್ಗೆ ನಾವೆಲ್ಲ ಕೇಳಿ ಬಲ್ಲೆವು, ಆದರೆ ಅದನ್ನು ಕಣ್ಣಾರೆ ಕಂಡ ತಲೆಮಾರು ಹೋಗಿಬಿಟ್ಟಿದೆ. ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅವರ ಬಾಯಿಂದ ಕಂಪನಿ ನಾಟಕಗಳ ಕಥೆ ಕೇಳಿ ಬರೆದುಕೊಳ್ಳುವುದಕ್ಕೆ ಈ ನಾಡಿಗೆ ಅಷ್ಟು ದೀರ್ಘ ಕಾಲ ಸಿಕ್ಕಿತು. ಎಲ್ಲ ಕಲಾವಿದರೂ ನಮಗಾಗಿ ಅಷ್ಟು ದಿನ ಕಾಯುವುದಿಲ್ಲ.

ನಮ್ಮ ತ್ರೈಮಾಸಿಕ ಮಾಡುತ್ತಿರುವುದು ಈ ಒಂದು ಕೆಲಸ: ಈ ಸೀಮೆಯ ಆಟ, ಹಾಡಿಕೆ, ನಾಟಕ, ಚಿತ್ರಗಳನ್ನು ನೋಡಿದವರಿಂದಲೇ, ನೆನಪು ಹಸಿಯಿರುವಾಗಲೇ ಬರೆಸಿ ಅಚ್ಚು ಹಾಕುವುದು. ಇದಕ್ಕೆ ನಿಮ್ಮ ಚಂದಾ ಬೇಕು. ದೇಣಿಗೆ ಕೇಳುತ್ತಿಲ್ಲ, ಚಂದಾ ಕೇಳುತ್ತಿದ್ದೇವೆ. ದೇಣಿಗೆ ಕೊಟ್ಟವರು ಪತ್ರಿಕೆಯನ್ನು ಮರೆತುಬಿಡಬಹುದು. ಚಂದಾ ಕಟ್ಟಿದವರು ಸಂಚಿಕೆ ತಡವಾದರೆ ಫೋನು ಮಾಡಿ ಕೇಳುತ್ತಾರೆ, ಲೇಖನ ಸಪ್ಪೆಯಾದರೆ ಗದರುತ್ತಾರೆ. ನಮ್ಮನ್ನು ನೆಟ್ಟಗೆ ನಡೆಸುವುದು ಆ ಗದರಿಕೆಯೇ.

ಜಾಹೀರಾತು ತೆಗೆದುಕೊಳ್ಳಬಾರದೇಕೆ ಎಂದು ಹಿತೈಷಿಗಳು ಕೇಳುತ್ತಾರೆ. ಉತ್ಸವ ನಡೆಸುವ ಸಂಸ್ಥೆಯ ಜಾಹೀರಾತನ್ನು ಹಿಂಬದಿಯ ರಕ್ಷಾಪುಟದಲ್ಲಿ ಹಾಕಿಕೊಂಡು, ಅದೇ ಉತ್ಸವದಲ್ಲಿ ಹಿರಿಯ ಗಾಯಕರಿಗೆ ಇಪ್ಪತ್ತು ನಿಮಿಷವೂ ಸಿಗಲಿಲ್ಲವೆಂದು ಒಳಗೆ ಬರೆಯಲಾದೀತೇ? ಪಿ. ಲಂಕೇಶರು 1980ರಲ್ಲಿ ಶುರುಮಾಡಿದ ಪತ್ರಿಕೆಯನ್ನು ಜಾಹೀರಾತಿಲ್ಲದೆ, ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಸಿದರು. ಅವರಿಗಿದ್ದಷ್ಟು ಓದುಗರು ನಮಗೆ ಬೇಕಿಲ್ಲ. ಅವರಿಗೆ ಬರೆಯಲು ಇದ್ದ ಸ್ವಾತಂತ್ರ್ಯ ಮಾತ್ರ ಬೇಕೇ ಬೇಕು.

ಓದುಗರನ್ನು ನಂಬಿ ಹೆಜ್ಜೆಯಿಡುವುದು ಈ ಸೀಮೆಗೆ ಹೊಸತಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಪ್ರಕಾಶನ ಚಂದಾದಾರರ ಬಲದ ಮೇಲೆ ನಿಂತಿತು. ಆಗಿನ್ನೂ ಹೆಚ್ಚು ಜನಕ್ಕೆ ಗೊತ್ತಿರದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಪುಸ್ತಕವಾದದ್ದು ಅಲ್ಲಿಂದಲೇ. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಗೆಳೆಯರು 1964ರಲ್ಲಿ ‘ಸಂಕ್ರಮಣ’ ಪತ್ರಿಕೆ ತಂದದ್ದೂ ಧಾರವಾಡದಿಂದ. ಓದುಗರು ಕೈಹಿಡಿಯದಿದ್ದರೆ ಇಂಥ ಯಾವ ಸಾಹಸವೂ ಹೆಚ್ಚು ದಿನ ಬಾಳುತ್ತಿರಲಿಲ್ಲ.

ದುಡ್ಡು ಎಲ್ಲಿ ಹೋಗುತ್ತದೆಂದು ತಿಳಿಯುವ ಹಕ್ಕು ನಿಮಗಿದೆ. ಕಾಗದ, ಮುದ್ರಣ, ಬೈಂಡಿಂಗ್ ಖರ್ಚು ನೀವು ಊಹಿಸಬಲ್ಲಿರಿ. ಕಣ್ಣಿಗೆ ಕಾಣದ ಖರ್ಚು ಅಂಚೆಯದು. ಪತ್ರಿಕೆಗಳಿಗೆಂದೇ ಇದ್ದ ಅಗ್ಗದ ಅಂಚೆ ದರವನ್ನು 1898ರ ಅಂಚೆ ಕಾಯ್ದೆ 31 ದಿನಗಳೊಳಗೆ ಒಮ್ಮೆಯಾದರೂ ಹೊರಬರುವ ಪತ್ರಿಕೆಗಳಿಗಷ್ಟೇ ಕೊಟ್ಟಿತು. ತ್ರೈಮಾಸಿಕಗಳು ಆ ಸಾಲಿನಿಂದ ಹೊರಗೇ ಉಳಿದವು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹಾಗಾಗಿ ಕಳೆದುಹೋದ ಸಂಚಿಕೆಯನ್ನು ಮತ್ತೆ ಭದ್ರವಾಗಿ ಕಳಿಸುವುದು ಸಣ್ಣ ಪತ್ರಿಕೆಗೆ ಭಾರವಾದ ಮಾತು. ಆದರೂ ಒಂದು ಖರ್ಚನ್ನು ಕಡಿಮೆ ಮಾಡಲು ನಮಗೆ ಮನಸ್ಸಿಲ್ಲ. ಅದು ಲೇಖಕರ, ಛಾಯಾಗ್ರಾಹಕರ ಸಂಭಾವನೆ. ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಂದು ಬರೆದವರಿಗೆ ಗೌರವ ಪ್ರತಿಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಕಲೆಯ ಬಗ್ಗೆ ಬರೆಯುವುದು ಉಳ್ಳವರ ಹವ್ಯಾಸವಾಗಿ ಉಳಿದುಬಿಡುವುದು ಹೀಗೆಯೇ.

ಆಜೀವ ಚಂದಾ ದಯವಿಟ್ಟು ಕಳಿಸಬೇಡಿ. ಒಮ್ಮೆಗೆ ಬಂದ ಆ ಹಣ ಎರಡು ಸಂಚಿಕೆಯಲ್ಲಿ ಕರಗುತ್ತದೆ, ಪತ್ರಿಕೆ ಕಳಿಸುವ ಋಣ ಮಾತ್ರ ಕಡೆತನಕ ಉಳಿಯುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದ ಹಣವೇ ಸಣ್ಣ ಪತ್ರಿಕೆಗಳನ್ನು ಹೀಗೆ ಮುಳುಗಿಸಬಲ್ಲದು. ವರ್ಷಕ್ಕೊಮ್ಮೆ ಕಟ್ಟಿ, ಮರುವರ್ಷ ನಾವು ಅದಕ್ಕೆ ಯೋಗ್ಯರೆನಿಸಿದರೆ ಮತ್ತೆ ಕಟ್ಟಿ. ಗೌರವ ಪ್ರತಿ ತರಿಸಿಕೊಳ್ಳುತ್ತಿರುವ ಹಿರಿಯರು, ಕೈಯಲ್ಲಿ ಅನುಕೂಲವಿದ್ದರೆ, ಇನ್ನು ಮುಂದೆ ಚಂದಾದಾರರಾಗಿ. ಶಿಕ್ಷಕರು ನಿಮ್ಮ ಶಾಲೆ, ಕಾಲೇಜುಗಳ ಗ್ರಂಥಾಲಯಕ್ಕೆ ಒಂದು ಪ್ರತಿ ಬರುವಂತೆ ಮಾಡಿ. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿದ ಈ ಕಡೆಯವರು ನಿಮ್ಮ ಹೆಸರಿನಲ್ಲಿ ಹುಟ್ಟೂರಿನ ವಾಚನಾಲಯಕ್ಕೆ ಚಂದಾ ಕಟ್ಟಬಹುದು. ಅಲ್ಲಿ ಒಂದು ಪ್ರತಿ ಎಷ್ಟೋ ಕೈ ದಾಟುತ್ತದೆ.

ಚಂದಾ ಕಟ್ಟಲಾಗದವರಿಂದಲೂ ನಮಗೆ ಒಂದು ಬೇಡಿಕೆಯಿದೆ. ನಿಮ್ಮೂರಲ್ಲಿ ಆಟವಾದಾಗ ಊರು, ತಾರೀಖು, ಮೇಳದ ಹೆಸರು, ಪಾತ್ರಧಾರಿಗಳು, ಹಾರ್ಮೋನಿಯಂ ನುಡಿಸಿದವರು, ದಪ್ಪು ಬಾರಿಸಿದವರು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನೀವು ಮಾತಾಡುವ ಹಾಗೆಯೇ ಬರೆಯಿರಿ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ, ಹೆಸರುಗಳನ್ನು ಮಾತ್ರ ಅವರವರನ್ನೇ ಕೇಳಿ ಸರಿಯಾಗಿ ಬರೆಯಿರಿ.