ಒಂದು ಬ್ಯಾಗಿಗೆ ಮುಗಿಯುವುದಲ್ಲ ಮಗುವಿನ ಓದು

ಜೂನ್ ಬಂತೆಂದರೆ ನಮ್ಮ ಊರೂರುಗಳಲ್ಲಿ ಪುಸ್ತಕ ವಿತರಣೆ ಸುರುವಾಗ್ತದೆ. ಬ್ಯಾಗ್, ನೋಟ್ ಪುಸ್ತಕ, ಕೊಡೆ. ಒಂದು ವೇದಿಕೆ, ನಾಲ್ಕು ಭಾಷಣ, ಮರುದಿನ ಪತ್ರಿಕೆಯಲ್ಲಿ ಫೋಟೊ. ಕೊಡುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂಶಯ ಇಲ್ಲ. ಆದರೆ ಅದೇ ಮಗು ಮುಂದಿನ ಜೂನಿನಲ್ಲಿ ಶಾಲೆಯಲ್ಲಿ ಉಂಟೋ ಇಲ್ಲವೋ ಎಂದು ವಿಚಾರಿಸುವವರು ಎಷ್ಟು ಮಂದಿ?

ಸಣ್ಣ ತರಗತಿಗಳಲ್ಲಿ ಓದು ನಿಲ್ಲುವುದು ಈಗ ಕಡಿಮೆ. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಉಂಟು. ಸರಕಾರಿ ಶಾಲೆಯಲ್ಲಿ ಹತ್ತನೇ ತನಕ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗ್ತದೆ. ಭಾರ ಬೀಳುವುದು ಅದರ ನಂತರ. ಬೆಳ್ತಂಗಡಿ, ಸುಳ್ಯ, ಕಡಬದ ಒಳಗಿನ ಊರುಗಳ ಮಕ್ಕಳು ಪಿಯುಸಿಗೆ ಪೇಟೆಗೆ ಬರಬೇಕು. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಟಿಕೆಟ್ ಇಲ್ಲ ನಿಜ, ಆದರೆ ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಶುಲ್ಕ, ಪುಸ್ತಕ, ಮಧ್ಯಾಹ್ನದ ಊಟ ಬೇರೆ.

ಅದೇ ಪ್ರಾಯದಲ್ಲಿ ಹುಡುಗ ದುಡಿಯಲಿಕ್ಕೂ ತಯಾರಾಗಿರ್ತಾನೆ. ಅಂಗಡಿಯಲ್ಲಿ ಕೆಲಸಕ್ಕೆ ನಿಂತರೆ ತಿಂಗಳಿಗೆ ಸಂಬಳ, ಓದಲಿಕ್ಕೆ ಹೋದರೆ ತಿಂಗಳಿಗೆ ಖರ್ಚು. ಉಮ್ಮ ಬೀಡಿ ಕಟ್ಟಿ ನಡೆಸುವ ಮನೆಯಲ್ಲಿ ಈ ಲೆಕ್ಕ ಯಾವ ಕಡೆಗೆ ವಾಲ್ತದೆ ಎಂದು ಹೇಳಬೇಕಾಗಿಲ್ಲ. ಹುಡುಗಿಯಾದರೆ ಉಮ್ಮನ ಪಕ್ಕದಲ್ಲೇ ಬೀಡಿ ಎಲೆ ಹಿಡಿದು ಕೂರ್ತಾಳೆ. ಬಡತನವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದೂ ಇಲ್ಲ. "ಹುಷಾರಿರ್ಲಿಲ್ಲ ಉಸ್ತಾದ್, ಶಾಲೆಗೆ ಹೋಗ್ಲಿಲ್ಲ" ಅಂತಾರೆ. ಕಟ್ಟದ ಶುಲ್ಕವೇ ಎಷ್ಟೋ ಸಲ ಆ ಕಾಯಿಲೆ.

ನಮ್ಮವರೇ ಆದ ಹರೇಕಳ ಹಾಜಬ್ಬರನ್ನು ನೋಡಿ. ಶಾಲೆಯ ಮೆಟ್ಟಿಲು ಹತ್ತದವರು, ಮಂಗಳೂರಿನಲ್ಲಿ ಕಿತ್ತಳೆ ಮಾರಿ ಬದುಕಿದವರು. ನ್ಯೂಪಡ್ಪುವಿನಲ್ಲಿ ಶಾಲೆ ಸುರುವಾದದ್ದು ಮದ್ರಸದ ಕಟ್ಟಡದಲ್ಲಿ, 28 ಮಕ್ಕಳಿಂದ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಅವರಿಂದ ಕಲಿಯಬೇಕಾದ್ದು ಬೇರೆ ಉಂಟು. ಅವರು ಒಂದು ದಿನ ಕೊಟ್ಟು ಮನೆಗೆ ಹೋದವರಲ್ಲ, ವರ್ಷಗಟ್ಟಲೆ ಕಚೇರಿಗಳಿಗೆ ಅಲೆದವರು. ಹೈಸ್ಕೂಲು ಆದ ಮೇಲೂ ಸುಮ್ಮನಾಗಲಿಲ್ಲ, ಪಿಯು ಕಾಲೇಜು ಬೇಕೆಂದು ಮತ್ತೆ ಹೊರಟರು. ಹತ್ತನೇ ತರಗತಿಗೆ ಓದು ಮುಗಿಯುವುದಿಲ್ಲ ಎಂದು ಅಕ್ಷರ ಕಲಿಯದ ಆ ಮನುಷ್ಯನಿಗೆ ಗೊತ್ತಿತ್ತು.

ಎಲ್ಲರೂ ಹಾಜಬ್ಬರಾಗ್ಲಿಕ್ಕೆ ಆಗುವುದಿಲ್ಲ. ಆದರೆ ಒಟ್ಟು ಸೇರಿ ಭಾರ ಹೊರುವುದು ನಮಗೆ ಹೊಸತಲ್ಲ. ಮದ್ರಸದ ಉಸ್ತಾದರಿಗೆ ಮನೆಮನೆಯಿಂದ ಸರದಿಯಲ್ಲಿ ಊಟ ಕೊಡುವ ಪದ್ಧತಿ ಎಷ್ಟೋ ಮೊಹಲ್ಲಾಗಳಲ್ಲಿ ನಡೆದು ಬಂದಿದೆ. ಇವತ್ತು ನಿಮ್ಮ ಮನೆ, ನಾಳೆ ಪಕ್ಕದ ಮನೆ. ಯಾರಿಗೂ ಹೊರೆಯಲ್ಲ, ಉಸ್ತಾದರು ಉಪವಾಸ ಬೀಳುವುದೂ ಇಲ್ಲ. ಅದೇ ಸರದಿಯನ್ನು ಒಂದು ಮಗುವಿನ ಓದಿಗೂ ಯಾಕೆ ಹಾಕಬಾರದು? ಇಪ್ಪತ್ತು ಮನೆಯವರು ತಿಂಗಳಿಗೆ 200 ರೂಪಾಯಿ ತೆಗೆದಿಟ್ಟರೆ 4,000 ಆಯ್ತು, ವರ್ಷಕ್ಕೆ 48,000. ಒಂದು ಮದುವೆಯ ಮಂಟಪದ ಅಲಂಕಾರಕ್ಕೆ ಇದಕ್ಕಿಂತ ಹೆಚ್ಚು ಹೋಗ್ತದೆ.

ಹೀಗೆ ಕೈಹಾಕುವವರಿಗೆ ಕೆಲವು ಮಾತು. ಒಂದು ವರ್ಷಕ್ಕೆಂದು ಹಿಡಿಯಬೇಡಿ, ಡಿಗ್ರಿಯೋ ಡಿಪ್ಲೊಮವೋ ಐಟಿಐಯೋ ಮುಗಿಯುವ ತನಕ ಹಿಡಿಯಿರಿ. ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಸರಕಾರದಿಂದ ಬರುವುದನ್ನು ಮೊದಲು ತೆಗೆಸಿಕೊಡಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು, ಆದರೆ ಉಮ್ಮನ ಗುರುತಿನ ಚೀಟಿ, ಆದಾಯ ಪ್ರಮಾಣಪತ್ರ, ಆನ್‌ಲೈನ್ ಅರ್ಜಿ ಎಂದಾಗ ಎಷ್ಟೋ ಮನೆಯವರು ಕೈಬಿಡ್ತಾರೆ. ಕಲಿತ ಯುವಕನೊಬ್ಬ ಅರ್ಧ ದಿನ ಜೊತೆಗೆ ಹೋದರೆ ಅದೂ ದೊಡ್ಡ ಸದಖವೇ.

ಹೆಚ್ಚು ಮಾರ್ಕು ತೆಗೆದವರಿಗೆ ಶಾಲು ಹೊದಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕಷ್ಟಪಟ್ಟು ಪಾಸಾದವನನ್ನು ಕೇಳುವವರಿಲ್ಲ. ಒಂದು ವಿಷಯದಲ್ಲಿ ಫೈಲಾದ ಕೂಡಲೇ ಸಹಾಯ ನಿಲ್ಲಿಸಬೇಡಿ. ಎಸೆಸೆಲ್ಸಿ, ಪಿಯುಸಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಉಂಟಲ್ವಾ? ಕೈಹಿಡಿಯುವವರು ಬೇಕಾಗುವುದೇ ಆಗ.

ಮತ್ತೆ ಆ ಫೋಟೊ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮಿಂಬರಿನಿಂದ ಕೇಳಿದವರು ನಾವು. ಬ್ಯಾಗ್ ಹಿಡಿದು ನಿಂತ ಮಗುವಿನ ಚಿತ್ರ ಅವಳ ತರಗತಿಯ ಮೊಬೈಲುಗಳಲ್ಲೆಲ್ಲ ತಿರುಗ್ತದೆ ಎಂಬ ಯೋಚನೆ ನಮಗಿರಲಿ. ಹದಿನೈದರ ಮಗುವಿಗೆ ಹಸಿವಿಗಿಂತ ಮರ್ಯಾದೆ ದೊಡ್ಡದು. ಯಾರ ಹಣ ಎಂದು ಮಗುವಿಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಝಕಾತಿನ ಹಣವಾದರೆ ಯಾರಿಗೆ, ಹೇಗೆ ಎಂದು ನಿಮ್ಮ ಖತೀಬರಲ್ಲಿ ಕೇಳಿ ಕೊಡಿ. ಸದಖಕ್ಕೆ ಆ ಕಟ್ಟುಪಾಡಿಲ್ಲ, ಪಕ್ಕದ ಮನೆಯ ಹಿಂದೂ, ಕ್ರೈಸ್ತ ಮಗುವಿಗೂ ಅದು ಸಲ್ತದೆ. ಬರುವ ಜುಮಾದ ದಿನ ನಮಾಝ್ ಮುಗಿಸಿ ಹೊರಡುವ ಮೊದಲು ಐದು ನಿಮಿಷ ನಿಂತು, ಈ ವರ್ಷ ನಮ್ಮ ಮೊಹಲ್ಲಾದಲ್ಲಿ ಹತ್ತನೇ ಮುಗಿಸಿದ ಮಕ್ಕಳು ಯಾರ್ಯಾರು, ಈಗ ಎಲ್ಲಿದ್ದಾರೆ ಎಂದು ಒಂದು ಪಟ್ಟಿ ಮಾಡಿ. ಕಾಲೇಜಿನಲ್ಲಿ ಇಲ್ಲದ ಹೆಸರು ಸಿಕ್ಕಿದರೆ ಸರದಿ ಅಲ್ಲಿಂದಲೇ ಸುರುವಾಗಲಿ.